ಮಡಿಕೇರಿಯ ಗುಡ್ಡದ ಬಡಾವಣೆಯಲ್ಲಿ ನಾನು ಜನಗಣತಿ ಮಾಡಿದ್ದು

2011ರ ಜನಗಣತಿಗೆ ಮಡಿಕೇರಿಯ ಒಂದು ಬಡಾವಣೆ ನನ್ನ ಪಾಲಿಗೆ ಬಂತು. ನಾನಾಗ ಪ್ರೈಮರಿ ಶಾಲೆ ಟೀಚರ್. ಫೆಬ್ರುವರಿ 9ರಿಂದ 28ರೊಳಗೆ ಸುಮಾರು 120 ಮನೆ ಮುಗಿಸಬೇಕಿತ್ತು. ಮೇಲಿನ ಮನೆಯ ಅಂಗಳದಲ್ಲಿ ನಿಂತರೆ ಕೆಳಗಿನ ಮನೆಯ ಹಂಚು ಕಾಲಿಗೆ ತಾಗುವಂಥ ಜಾಗ ಅದು. ಒಂದು ಮನೆ ಬಿಟ್ಟುಹೋದರೆ ಮತ್ತೆ ಐವತ್ತು ಮೆಟ್ಟಿಲು ಹತ್ತಬೇಕು.

ಕಾಫಿ ಕೊಯ್ಲಿನ ಸಮಯ ಬೇರೆ. ಹಗಲು ಹೋದರೆ ಅರ್ಧಕ್ಕರ್ಧ ಮನೆಗೆ ಬೀಗ. ಎರಡು ದಿನ ಸುಮ್ನೆ ಅಲೆದೆ. ಆಮೇಲೆ ಬೆಳಗ್ಗೆ ಏಳಕ್ಕೆ, ಇಲ್ಲಾ ಸಂಜೆ ದೀಪ ಹಚ್ಚಿದ ಮೇಲೆ ಹೋಗತೊಡಗಿದೆ.

ಗಣತಿಯಲ್ಲಿ ಕುಟುಂಬ ಅಂದರೆ ಒಂದೇ ಅಡುಗೆ. ಸೂರು ಒಂದೇ ಇದ್ದರೆ ಸಾಲದು. ಒಂದು ಮನೆಯಲ್ಲಿ ಅತ್ತೆ "ನಾವೆಲ್ಲ ಒಟ್ಟಿಗೇ ಇದ್ದೇವೆ ಟೀಚರ್" ಅಂದರು. "ಅನ್ನ ಒಂದೇ ಪಾತ್ರೆಯಲ್ಲಾ ಅಮ್ಮ?" ಅಂತ ಕೇಳಿದೆ. ಕಿರಿ ಸೊಸೆ ನೆಲ ನೋಡಿದಳು. ಅಲ್ಲಿಗೆ ಎರಡು ಫಾರಂ ತುಂಬಿದೆ. ಇದನ್ನು ದನಿ ತಗ್ಗಿಸಿ ಕೇಳಬೇಕು, ಮನೆಯವರ ಮಾನದ ವಿಷಯ.

ಫಾರಂನಲ್ಲಿ 29 ಪ್ರಶ್ನೆ ಇತ್ತು. ಬಡಾವಣೆ ನನಗೆ ನಿಜವಾಗಿ ಅರ್ಥವಾದದ್ದು ಹತ್ತನೆಯದರಿಂದ, ಮಾತೃಭಾಷೆ. ಮೊದಲ ದಿನ ಯಜಮಾನರು ಹೇಳಿದ್ದನ್ನೇ ಮನೆಮಂದಿಗೆಲ್ಲ ಬರೆದುಬಿಟ್ಟಿದ್ದೆ. ರಾತ್ರಿ ಕೈಪಿಡಿ ತೆಗೆದು ಓದಿದಾಗ ತಪ್ಪು ಗೊತ್ತಾಯಿತು. ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯ ಜೊತೆ ಆಡಿದ ಭಾಷೆಯನ್ನು ಬರೆಯಬೇಕು, ಒಬ್ಬೊಬ್ಬರದೂ ಬೇರೆ ಇರಬಹುದು. ಮರುದಿನ ಆ ಮನೆಗಳಿಗೆಲ್ಲ ಮತ್ತೆ ಹೋದೆ.

ಒಂದು ಮನೆಯಲ್ಲಿ ಅಜ್ಜಿ ಜಗಲಿಯಲ್ಲಿ ಕಾಳುಮೆಣಸು ಬಿಡಿಸುತ್ತಿದ್ದರು. "ಕನ್ನಡ ಅಂತ ಬರ್ಕೊಳ್ಳಿ, ಎಲ್ಲರಿಗೂ ಅದೇ" ಅಂದರು.

"ಚಿಕ್ಕವರಿದ್ದಾಗ ನಿಮ್ಮಮ್ಮ ಯಾವ ಭಾಷೆಯಲ್ಲಿ ಬೈತಿದ್ರು ಅಜ್ಜಿ?"

ಕೈ ನಿಂತಿತು. "ಅರೆಭಾಷೆ. ಅದನ್ನೂ ಬರೀತಾರಾ ಸರ್ಕಾರದವರು?"

ಬರೆದೆ. ಕೊಡಗಿನ ಕಡೆ ಗೌಡರು ಮನೆಯಲ್ಲಿ ಆಡುವ ಮಾತು ಅದು. ಪುತ್ತೂರು ಕಡೆಯಿಂದ ಬಂದ ಸೊಸೆಗೆ ತುಳು. ಆಕೆ ಮಗನ ಜೊತೆ ಹುಟ್ಟಿದಾಗಿನಿಂದ ಆಡಿದ್ದು ಕನ್ನಡ, ಅವನಿಗೆ ಅದೇ. ಮೂವರಿಗೆ ಮೂರು ಭಾಷೆ. ಅಜ್ಜಿ ಕನ್ನಡಕ ಹಾಕಿಕೊಂಡು ತನ್ನ ಸಾಲನ್ನು ಬೆರಳಿಟ್ಟು ಓದಿದರು.

ಅದೇ ಮೆಟ್ಟಿಲುಸಾಲಲ್ಲಿ ಕೊಡವ ತಕ್ಕ್ (ಕೊಡವ ಭಾಷೆ), ಮಲಯಾಳಂ, ತಮಿಳು, ಉರ್ದು ಎಲ್ಲ ಸಿಕ್ಕವು. ಮಲಯಾಳಂ ಅಂದವರಲ್ಲಿ ಎಷ್ಟೋ ಜನ ಹುಟ್ಟಿದ್ದು ಮಡಿಕೇರಿಯಲ್ಲೇ. ವಲಸೆಯ ಕಾಲಂನಲ್ಲಿ ಹೊರಗಿನಿಂದ ಬಂದವರು ಅಂತ ಜಾಸ್ತಿ ದಾಖಲಾದದ್ದು ಹೆಂಗಸರು, ಕಾರಣ ಮದುವೆ. ಭಾಷೆ ನೋಡಿ ಯಾರು ಊರವರು, ಯಾರು ಅಲ್ಲ ಅಂತ ಹೇಳುವವರಿಗೆ ಈ ಎರಡು ಕಾಲಂ ಒಟ್ಟಿಗೆ ತೋರಿಸಬೇಕು ಅನ್ನಿಸುತ್ತಿತ್ತು. ಆದರೆ ತುಂಬಿದ ಫಾರಂ ಯಾರಿಗೂ ತೋರಿಸುವಂತಿಲ್ಲ, 1948ರ ಜನಗಣತಿ ಕಾಯ್ದೆ ಬಿಡುವುದಿಲ್ಲ. ಬಿಡಬಾರದು ಕೂಡ. ಜನ ನಮ್ಮನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಮಾತಾಡಿದ್ದು ಆ ನಂಬಿಕೆ ಮೇಲೆ.

ಲೆಕ್ಕ ಹೊರಬಂದಾಗ ಮಡಿಕೇರಿ ಪಟ್ಟಣದಲ್ಲಿ 33,381 ಜನ. ಜಿಲ್ಲೆಯಲ್ಲಿ 1000 ಗಂಡಸರಿಗೆ 1019 ಹೆಂಗಸರು. ಖುಷಿಯಾಯಿತು. ಭಾಷೆಯ ಪಟ್ಟಿ ನೋಡಿದಾಗ ಮಾತ್ರ ಹೊಟ್ಟೆ ಚುರ್ ಅಂದಿತು. ಕೊಡವ ಭಾಷೆ ಹೇಳಿದವರು ದೇಶದಲ್ಲಿ 2001ರಲ್ಲಿ 1,66,187 ಇದ್ದವರು 2011ಕ್ಕೆ 1,13,857. ಹತ್ತೇ ವರ್ಷಕ್ಕೆ ಇಷ್ಟು ಜನ ಮಾತು ಬಿಟ್ಟರು ಅಂತ ನಾನು ನಂಬುವುದಿಲ್ಲ. ಎಷ್ಟೋ ಜಗಲಿಗಳಲ್ಲಿ "ಕನ್ನಡ ಅಂತ ಬರ್ಕೊಳ್ಳಿ" ಅಂದದ್ದನ್ನು ನಮ್ಮಂಥವರು ಹಾಗೇ ಬರೆದುಕೊಂಡು ಬಂದಿರಬೇಕು.

2027ರ ಗಣತಿ ಮೊಬೈಲ್‌ನಲ್ಲಿ ನಡೆಯುತ್ತದೆ. ಹೋಗುವ ಟೀಚರ್‌ಗಳು ಮಾತೃಭಾಷೆಯ ಪ್ರಶ್ನೆ ಬಂದಾಗ ಫೋನಿನಿಂದ ತಲೆ ಎತ್ತಿ, ಅಜ್ಜಿಯನ್ನು ಬೇರೆ, ಸೊಸೆಯನ್ನು ಬೇರೆ, ಮಗುವನ್ನು ಬೇರೆ ಕೇಳಿ. ಒಂದು ಮನೆಗೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೆ.