ನೇಪಾಳದಲ್ಲಿ ಸ್ವಯಂಸೇವೆ, ಶನಿವಾರ ಹಳ್ಳಿ ಸುತ್ತಾಟ

ಹೊರದೇಶದಲ್ಲಿ ಸ್ವಯಂಸೇವೆ ಮಾಡಬೇಕು ಅಂತಿರುವ ಮುಂಬೈ ಕನ್ನಡಿಗರು ಮೊದಲು ನೇಪಾಳ ನೋಡಿ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಆಗುತ್ತದೆ, ಆದರೆ ಬರೀ ಆಧಾರ್ ನಂಬಿಕೊಂಡು ಹೊರಡಬೇಡಿ. ಮುಂಬೈನ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ (ಎಲ್‌ಟಿಟಿ) ಕುಶೀನಗರ ಎಕ್ಸ್‌ಪ್ರೆಸ್ ಹತ್ತಿದರೆ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ, ದಾಟಿದ ಮೇಲೆ ನೇಪಾಳದ ಪೋಖರಾ ಊರಿಗೆ ಬಸ್. ಡೊಂಬಿವಲಿ ಲೋಕಲ್ ಹತ್ತಿದವರಿಗೆ ಇದೇನು ಮಹಾ ಅಲ್ವಾ?

ಕೆಲಸ ಆರಿಸುವಾಗ ಮಾತ್ರ ಅವಸರ ಬೇಡ. ಅನಾಥಾಶ್ರಮ ಅಂತ ಹೇಳಿ ದುಡ್ಡು ಕೇಳುವ ಕಡೆ ಹೋಗಲೇಬೇಡಿ. ಅಪ್ಪ ಅಮ್ಮ ಇರುವ ಮಕ್ಕಳನ್ನೇ ಹಳ್ಳಿಯಿಂದ ಕರೆತಂದು, ಹೊರಗಿನವರಿಗೆ ಅನಾಥರು ಅಂತ ತೋರಿಸಿ ಹಣ ಮಾಡಿದ ಪ್ರಕರಣಗಳು ಅಲ್ಲಿ ನಡೆದಿವೆ. ನಿಮಗೆ ನಿಜಕ್ಕೂ ಬರುವ ಕೆಲಸ ಕೇಳಿ: ಲೆಕ್ಕಪತ್ರ, ಕಂಪ್ಯೂಟರ್, ಹೊಲದ ಕೆಲಸ. ಕೊಡುವ ಹಣದಲ್ಲಿ ಊಟ, ವಸತಿಗೆಷ್ಟು, ಸಂಸ್ಥೆಗೆಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ಅಲ್ಲಿ ವಾರದ ರಜೆ ಶನಿವಾರ. ಸೂರ್ಯೋದಯಕ್ಕೆ ಪೋಖರಾ ಹತ್ತಿರದ ಸಾರಂಗಕೋಟ್ ಗುಡ್ಡಕ್ಕೆ ಎಲ್ಲರೂ ಹೋಗುತ್ತಾರೆ, ನಾನಂತೂ ಬೇಗ್ನಾಸ್ ಕೆರೆಗೆ ಹೋಗಿ ಅನ್ನುತ್ತೇನೆ. ಪೋಖರಾದಿಂದ ಲೋಕಲ್ ಬಸ್ ಇದೆ. ಪಕ್ಕದ ಗುಡ್ಡ ಹತ್ತಿ ನಿಂತರೆ ಒಂದು ಕಡೆ ಬೇಗ್ನಾಸ್, ಇನ್ನೊಂದು ಕಡೆ ರೂಪಾ ಕೆರೆ, ಮೋಡ ಸರಿದರೆ ಅನ್ನಪೂರ್ಣದ ಹಿಮದ ಸಾಲು. ಮಳೆಗಾಲದಲ್ಲಿ ಉಂಬಳದ ಕಾಟ ಜಾಸ್ತಿ, ಜೇಬಲ್ಲಿ ಉಪ್ಪಿನ ಪೊಟ್ಟಣ ಇರಲಿ. ದಾಲ್ ಭಾತ್ ತಿನ್ನುವಾಗ ಇನ್ನೊಂದು ಸಲ ಬಡಿಸಲು ಬಂದರೆ ಸಂಕೋಚ ಬೇಡ, ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡಿಲ್ಲ. ನಮ್ಮ 100 ರೂಪಾಯಿ ಅಲ್ಲಿನ 160. ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಬೆಳಗ್ಗೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.