ಬೈಕ್ ಸವಾರಿಗೆ ಮೆಕ್ಯಾನಿಕಲ್ ಗಡಿಯಾರ: ಕಟ್ಟಿಕೊಳ್ಳುವ ಕ್ರಮ

ಬ್ಯಾಟರಿಯಿಲ್ಲದೆ ಸ್ಪ್ರಿಂಗ್‌ನ ಬಲದಿಂದಲೇ ನಡೆಯುವ ಕೈಗಡಿಯಾರಕ್ಕೆ ಬೈಕಿನ ನಡುಕವೇ ದೊಡ್ಡ ಶತ್ರುವೆಂದು ಹಲವರು ಭಾವಿಸಿದ್ದಾರೆ. ಇಂದಿನ ಅನೇಕ ಗಡಿಯಾರಗಳಲ್ಲಿ ಅತ್ತಿತ್ತ ತೂಗಿ ಸಮಯವನ್ನು ಅಳೆಯುವ ಬ್ಯಾಲೆನ್ಸ್ ಚಕ್ರವು ಗಂಟೆಗೆ 28,800, ಅಂದರೆ ಸೆಕೆಂಡಿಗೆ 8 ಬಾರಿ ಮಿಡಿಯುತ್ತದೆ. 3,000 ಆರ್‌ಪಿಎಂನಲ್ಲಿ ಓಡುವ ಎಂಜಿನ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಎರಡರ ಲಯಕ್ಕೂ ಬಹಳ ಅಂತರವಿರುವುದರಿಂದ ಎಂಜಿನ್ನಿನ ನಡುಕ ಚಕ್ರದ ಮಿಡಿತವನ್ನು ಸುಲಭವಾಗಿ ಕೆಡಿಸುವುದಿಲ್ಲ. ಜೊತೆಗೆ ಅಂಗೈ ಮತ್ತು ಮಣಿಕಟ್ಟು ಆ ನಡುಕದ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾಗಿರುವುದು ಗುಂಡಿಗೆ ಇಳಿದಾಗ ಬೀಳುವ ಹಠಾತ್ ಪೆಟ್ಟು, ಸಡಿಲ ಪಟ್ಟಿ ಮತ್ತು ಅಯಸ್ಕಾಂತ, ಈ ಮೂರರ ಬಗ್ಗೆ.

ಮೊದಲು ಗಡಿಯಾರವನ್ನು ಆರಿಸಿಕೊಳ್ಳಬೇಕು. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳು ಕೂದಲೆಳೆಯಷ್ಟು ತೆಳ್ಳಗಿದ್ದು, ಪೆಟ್ಟು ಬಿದ್ದಾಗ ಮೊದಲು ಮುರಿಯುವುದು ಅವೇ. 1930ರ ದಶಕದಲ್ಲಿ ಬಂದ ಇನ್ಕಾಬ್ಲಾಕ್‌ನಂಥ ವ್ಯವಸ್ಥೆಗಳಲ್ಲಿ ಆ ತುದಿಗಳನ್ನು ಹಿಡಿದಿರುವ ಹರಳುಗಳು ಸಣ್ಣ ಸ್ಪ್ರಿಂಗ್‌ನ ಮೇಲೆ ಕೂತಿರುವುದರಿಂದ ಪೆಟ್ಟಿಗೆ ಸರಿದು ಮತ್ತೆ ಸ್ವಸ್ಥಾನಕ್ಕೆ ಮರಳುತ್ತವೆ. ಈ ರಕ್ಷಣೆಯಿಲ್ಲದ ತಾತನ ಕಾಲದ ಗಡಿಯಾರವನ್ನು, ಅದೆಷ್ಟೇ ಅಂದವಾಗಿದ್ದರೂ, ಸವಾರಿಯ ದಿನ ಮನೆಯಲ್ಲಿಯೇ ಬಿಡುವುದು ಒಳ್ಳೆಯದು.

ಎರಡನೆಯದು ಪಟ್ಟಿ. ಸಡಿಲ ಲೋಹದ ಚೈನಿನಲ್ಲಿ ಗಡಿಯಾರವು ಪ್ರತಿ ಉಬ್ಬಿಗೂ ಮಣಿಕಟ್ಟಿನ ಮೂಳೆಗೆ ಬಡಿಯುತ್ತದೆ. ಗಡಿಯಾರಕ್ಕೆ ಪಟ್ಟಿಯನ್ನು ಸಿಕ್ಕಿಸುವ ಎರಡೂ ಸಣ್ಣ ಕಡ್ಡಿಗಳ (ಸ್ಪ್ರಿಂಗ್ ಬಾರ್) ಕೆಳಗೆ ಒಂದೇ ತುಂಡಾಗಿ ಹಾದುಹೋಗುವ ನೈಲಾನ್ ಪಟ್ಟಿಯಾದರೆ, ಒಂದು ಬಾರ್ ಕಳಚಿಕೊಂಡರೂ ಗಡಿಯಾರ ರಸ್ತೆಗೆ ಬೀಳುವುದಿಲ್ಲ. ಅದನ್ನು ಮಣಿಕಟ್ಟಿನ ಮೂಳೆಗಿಂತ ಮೊಣಕೈಯ ಕಡೆಗೆ ಸರಿಸಿ, ಜಾರದಷ್ಟು ಬಿಗಿಯಾಗಿ, ಆದರೆ ರಕ್ತಸಂಚಾರಕ್ಕೆ ತಡೆಯಾಗದಂತೆ ಕಟ್ಟಬೇಕು. ಹ್ಯಾಂಡಲ್ ಹಿಡಿದು ಕೈ ಮಡಚಿದಾಗ ಕೀಲಿ ಕೊಡುವ ತಿರುಪು ಅಂಗೈಯ ಹಿಂಬದಿಗೆ ಚುಚ್ಚಬಾರದು. ಗ್ಲೌಸ್‌ನ ತೋಳು ಗಡಿಯಾರದ ಮೇಲೆ ಹತ್ತಿಕೊಂಡು ಸರಿಯಾಗಿ ಮುಚ್ಚದಿದ್ದರೆ ಗಡಿಯಾರವನ್ನೇ ತೆಗೆದಿಡಬೇಕು. ಬಿದ್ದಾಗ ಕೈಯನ್ನು ಕಾಯುವುದು ಗ್ಲೌಸ್, ಆದರೆ ಗಟ್ಟಿ ಲೋಹ ಅದೇ ಕೈಗೆ ಒತ್ತಿಕೊಂಡು ಗಾಯ ಮಾಡಬಲ್ಲದು.

ಅನೇಕರು ಗಮನಿಸದ ಅಪಾಯವೆಂದರೆ ಪೆಟ್ರೋಲ್ ಟ್ಯಾಂಕಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಚೀಲ. ಅದನ್ನು ತೆಗೆಯುವಾಗ, ಇಡುವಾಗ ಮಣಿಕಟ್ಟು ಅಯಸ್ಕಾಂತಕ್ಕೆ ತೀರ ಹತ್ತಿರ ಹೋಗುತ್ತದೆ. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿ ಸ್ಪ್ರಿಂಗ್‌ಗೆ, ಅಂದರೆ ಹೇರ್‌ಸ್ಪ್ರಿಂಗ್‌ಗೆ, ಕಾಂತತ್ವ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ದಿನಕ್ಕೆ ಹಲವು ನಿಮಿಷ ಮುಂದೆ ಓಡಬಹುದು. ಸಿಲಿಕಾನ್ ಹೇರ್‌ಸ್ಪ್ರಿಂಗ್‌ಗೆ ಈ ಭಯವಿಲ್ಲ. ಉಳಿದವರು ಚೀಲ ಮುಟ್ಟುವ ಮುನ್ನ ಗಡಿಯಾರ ಬಿಚ್ಚಿಡಬೇಕು, ಇಲ್ಲವೇ ಬೆಲ್ಟಿನಿಂದ ಬಿಗಿಯುವ ಚೀಲವನ್ನು ಬಳಸಬೇಕು.

ಮಳೆಯಿದ್ದರೆ, ನೀರು ತಡೆಯುವ ಗಡಿಯಾರವಾದಲ್ಲಿ, ತಿರುಪು ಪೂರ್ತಿ ಒಳಗೆ ಒತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ಆದರೆ ಹಳೆಯ ರಬ್ಬರ್ ಸೀಲ್‌ಗಳನ್ನು ನಂಬಬಾರದು.

ಕೊನೆಯದಾಗಿ, ಸವಾರಿಯಿಲ್ಲದ ಮೂರು ದಿನ ಮತ್ತು ಸವಾರಿ ಮಾಡಿದ ಮೂರು ದಿನ, ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ ನಡೆಯಿತೆಂದು ಬರೆದಿಟ್ಟುಕೊಳ್ಳಬೇಕು. ವ್ಯತ್ಯಾಸ ಕೆಲವೇ ಸೆಕೆಂಡುಗಳಾದರೆ ನಿಶ್ಚಿಂತೆಯಿಂದ ಕಟ್ಟಿಕೊಳ್ಳಬಹುದು. ಒಮ್ಮೆಲೇ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲು ದಿಕ್ಸೂಚಿಯ ಹತ್ತಿರ ಹಿಡಿದು, ಗಡಿಯಾರವನ್ನು ತಿರುಗಿಸಿದಂತೆ ದಿಕ್ಸೂಚಿಯ ಮುಳ್ಳು ಅತ್ತಿತ್ತ ಹೊಯ್ದಾಡುತ್ತದೆಯೇ ಎಂದು ನೋಡಬೇಕು. ಹಾಗಾದರೆ ರಿಪೇರಿಯವರು ಕಾಂತತ್ವವನ್ನು ಕೆಲವೇ ಕ್ಷಣಗಳಲ್ಲಿ ತೆಗೆದುಕೊಡುತ್ತಾರೆ. ಮುಳ್ಳು ಅಲುಗದಿದ್ದರೆ ಗಡಿಯಾರವನ್ನು ಬಿಚ್ಚಿಸಿ ನೋಡಬೇಕಾಗುತ್ತದೆ.