ವಸತಿ ಶಾಲೆಯ ಸಿಕ್ ರೂಂ: ನಾನು ಕೆಲಸ ಮಾಡುವ ರೀತಿ

ಸಿಕ್ ರೂಮಿನ ರಿಜಿಸ್ಟರಿನಲ್ಲಿ ಹೆಸರು, ತರಗತಿ, ತೊಂದರೆ, ಕೊಟ್ಟ ಮಾತ್ರೆ, ಇಷ್ಟು ಕಾಲಂ ಇರುವುದು ರೂಢಿ. ನಾನು ಇನ್ನೂ ಮೂರು ಗೆರೆ ಎಳೆದುಕೊಂಡಿದ್ದೇನೆ: ಯಾವ ಪೀರಿಯಡ್‌ನಲ್ಲಿ ಬಂದರು, ಕೊನೆಗೆ ಏನು ತಿಂದಿದ್ದರು, ಎಷ್ಟು ಗಂಟೆಗೆ ಕ್ಲಾಸಿಗೆ ವಾಪಸ್ ಹೋದರು. ತಿಂಗಳ ಕೊನೆಗೆ ಪುಟ ತಿರುವಿದರೆ ಬಿಡಿಬಿಡಿಯಾಗಿ ಕಂಡಿದ್ದ ತಲೆನೋವುಗಳಿಗೆ ಕಾರಣ ಸಿಗುತ್ತದೆ.

ಹನ್ನೊಂದರ ಸುಮಾರಿಗೆ ತಲೆನೋವು, ತಲೆಸುತ್ತು ಎಂದು ಬರುವವರಲ್ಲಿ ಹೆಚ್ಚಿನವರು ತಿಂಡಿ ಬಿಟ್ಟವರು. ಬಚ್ಚಲ ಮುಂದಿನ ಸಾಲಿನಲ್ಲೇ ಹೊತ್ತು ಮೀರಿರುತ್ತದೆ, ಇಲ್ಲವೇ ಅವತ್ತಿನ ಉಪ್ಪಿಟ್ಟು ಸೇರಿರುವುದಿಲ್ಲ. ಅವರಿಗೆ ಪ್ಯಾರಸಿಟಮಾಲ್ ಬೇಡ. ಬಾಳೆಹಣ್ಣು, ಎರಡು ಲೋಟ ನೀರು, ಇಪ್ಪತ್ತು ನಿಮಿಷ ಮಲಗುವುದು, ಆಮೇಲೆ ಕ್ಲಾಸು. ಹುಡುಗಿಯರಲ್ಲಿ ಉರಿಮೂತ್ರ ಪದೇಪದೇ ಕಂಡರೆ ಆಸ್ಪತ್ರೆಗೆ ಕಳಿಸುವುದರ ಜೊತೆಗೆ ಶೌಚಾಲಯವನ್ನೂ ಹೋಗಿ ನೋಡುತ್ತೇನೆ. ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂದರೆ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆರನೇ ತರಗತಿಗೆ ಹೊಸದಾಗಿ ಬಂದವರ ಹೊಟ್ಟೆನೋವು ಅಪ್ಪ ಅಮ್ಮ ಬಂದುಹೋದ ಮರುದಿನ ಜಾಸ್ತಿ. ಜ್ವರ, ವಾಂತಿ, ಹೊಟ್ಟೆಯ ಬಲಗಡೆ ಕೆಳಭಾಗ ಒತ್ತಿದರೆ ನೋವು ಇಲ್ಲವೆಂದು ಖಚಿತ ಮಾಡಿಕೊಂಡು, ಸ್ವಲ್ಪ ಹೊತ್ತು ಮಾತಾಡಿಸಿ ಕಳಿಸುತ್ತೇನೆ. ‘ನಾಟಕ’ ಎಂಬ ಮಾತು ಸಿಕ್ ರೂಮಿನಲ್ಲಿ ಬರಬಾರದು. ಹಾಗಂದ ಕಡೆ ಮಗು ಇನ್ನೊಮ್ಮೆ ಏನನ್ನೂ ಹೇಳುವುದಿಲ್ಲ. ಯಾರಾದರೂ ಕೆಟ್ಟದಾಗಿ ಮುಟ್ಟಿದರು ಎಂದು ಮಗು ಹೇಳಿದರೆ ಅದನ್ನು ಎಲ್ಲರೂ ತೆರೆದು ನೋಡುವ ಈ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಕೆದಕಿ ಕೆದಕಿ ಕೇಳುವುದೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098 ಇದೆ. ‘ಶಾಲೆಯ ಮರ್ಯಾದೆ’ ಎನ್ನುವವರಿಗೆ ಈ ಕಾಯ್ದೆಯನ್ನೇ ತೋರಿಸಬೇಕು.

ಸಂಜೆ ಓದಿನ ಹೊತ್ತಿಗೆ ಬರುವ ತಲೆನೋವಿದ್ದರೆ ಮೊದಲು ಕಣ್ಣು ನೋಡುತ್ತೇನೆ. ಸಾಲಿನಿಂದ ಸಾಲಿಗೆ ಅಕ್ಷರ ಚಿಕ್ಕದಾಗುತ್ತಾ ಹೋಗುವ ಸ್ನೆಲೆನ್ ಚಾರ್ಟ್ ಮಗುವಿನ ಕಣ್ಣಿನ ಮಟ್ಟಕ್ಕೆ, ಬೆಳಕು ಚಾರ್ಟಿನ ಮೇಲೆ ಬೀಳುವಂತೆ. 6 ಮೀಟರ್ ದೂರವನ್ನು ಟೇಪಿನಲ್ಲಿ ಅಳೆದು ನೆಲಕ್ಕೆ ಬಣ್ಣದ ಗೆರೆ. ಒಂದು ಕಣ್ಣು ಮುಚ್ಚಲು ರಟ್ಟಿನ ತುಂಡು ಕೊಡಿ. ಅಂಗೈಯಲ್ಲಿ ಮುಚ್ಚಿದರೆ ಬೆರಳ ಸಂದಿಯಿಂದ ಇಣುಕುತ್ತಾರೆ, ಅಥವಾ ಒತ್ತಿ ಹಿಡಿದು ಆ ಕಣ್ಣನ್ನೇ ಸ್ವಲ್ಪ ಹೊತ್ತು ಮಂಜು ಮಾಡಿಕೊಳ್ಳುತ್ತಾರೆ. ಸಾಲು ಬಾಗಿಲ ಹೊರಗಿರಲಿ, ಒಳಗಿದ್ದರೆ ಹತ್ತನೆಯವನ ಹೊತ್ತಿಗೆ ಅಕ್ಷರಗಳೆಲ್ಲ ಬಾಯಿಪಾಠ. ಅನುಮಾನ ಬಂದರೆ ಅದೇ ಸಾಲನ್ನು ಬಲದಿಂದ ಎಡಕ್ಕೆ ಓದಿಸುತ್ತೇನೆ. ಕಣ್ಣು ಕಿರಿದು ಮಾಡಿ ಓದಿದ್ದು ಲೆಕ್ಕಕ್ಕಿಲ್ಲ. ಚಾರ್ಟಿನಲ್ಲಿ 6/9 ಎಂದು ಗುರುತಿರುವ ಸಾಲು ಯಾವ ಕಣ್ಣಿಗೆ ಕಾಣದಿದ್ದರೂ ತಾಲ್ಲೂಕು ಆಸ್ಪತ್ರೆಗೆ ಚೀಟಿ, ಕನ್ನಡಕ ಬರುವವರೆಗೆ ಮೊದಲ ಬೆಂಚು. ಕನ್ನಡಕ ಬಂದ ತಿಂಗಳಿಗೆ ಮತ್ತೆ ನೋಡಬೇಕು. ಅಷ್ಟರಲ್ಲಿ ಅದು ಟ್ರಂಕು ಸೇರಿರುತ್ತದೆ, ಗೆಳೆಯರು ರೇಗಿಸಿರುತ್ತಾರೆ.

ನಿದ್ದೆಗೆಟ್ಟು ಕ್ಲಾಸಿನಲ್ಲಿ ತೂಕಡಿಸುವ ಮಗುವಿನ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ನೋಡಿ. ದಸರಾ ರಜೆ ಮುಗಿಸಿ ಬಂದವರ ಜೊತೆ ಕಜ್ಜಿಯೂ ಬಂದಿರುತ್ತದೆ. ತುರಿಸಿಕೊಳ್ಳುವವರಿಗಷ್ಟೇ ಔಷಧಿ ಹಚ್ಚುವುದರಿಂದಲೇ ಹಾಸ್ಟೆಲುಗಳಲ್ಲಿ ಇದು ವರ್ಷಗಟ್ಟಲೆ ಉಳಿಯುವುದು. ಮೊದಲ ಸಲ ಹುಳು ಹೊಕ್ಕವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಅವರು ಹರಡುತ್ತಲೇ ಇರುತ್ತಾರೆ. ಹಾಗಾಗಿ ಇಡೀ ಕೊಠಡಿಗೆ ಒಂದೇ ರಾತ್ರಿ, ವೈದ್ಯಾಧಿಕಾರಿಗಳ ಸಲಹೆಯಂತೆ ಶೇ. 5ರ ಪರ್ಮೆಥ್ರಿನ್ ಕ್ರೀಮು. ದೊಡ್ಡ ಮಕ್ಕಳಿಗೆ ಒಂದು ಸಲಕ್ಕೆ 30 ಗ್ರಾಂ ಟ್ಯೂಬು ಬೇಕು, ಏಳನೇ ದಿನ ಮತ್ತೊಂದು. ಐವತ್ತು ಮಕ್ಕಳಿದ್ದರೆ ನೂರು ಟ್ಯೂಬು. ಪೂರ್ತಿ ಕೈಗೆ ಬರುವವರೆಗೆ ನಾನು ಶುರು ಮಾಡುವುದಿಲ್ಲ, ಅರ್ಧ ಕೊಠಡಿಗೆ ಹಚ್ಚಿದರೆ ಅಷ್ಟೂ ದಂಡ.

ಸ್ನಾನ ಮಾಡಿ ಮೈ ಒಣಗಿ ತಣ್ಣಗಾದ ಮೇಲೆ, ರಾತ್ರಿ ಊಟ ಮುಗಿದ ಬಳಿಕ, ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು. ಉಗುರು ಮೊದಲೇ ಕತ್ತರಿಸಿರಬೇಕು. ಬೆನ್ನಿಗೆ ಒಬ್ಬರಿಗೊಬ್ಬರು ಹಚ್ಚಲಿ. ನಾಚಿಕೆಯಿಂದ ಬಿಟ್ಟುಬಿಡುವ ತೊಡೆಸಂದಿ, ಪೃಷ್ಠಗಳ ಬಗ್ಗೆ ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆಯಾಗಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಎಂಟರಿಂದ ಹನ್ನೆರಡು ಗಂಟೆ ಮೈಮೇಲಿರಬೇಕು; ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಸ್ನಾನ, ಒಗೆದ ಬಟ್ಟೆ. ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯುವುದು ಹಾಸ್ಟೆಲಿನಲ್ಲಿ ಆಗದ ಮಾತು. ಒಗೆಯಲಾಗದ ಕಂಬಳಿ, ಸ್ವೆಟರನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನಕ್ಕೂ ಹೆಚ್ಚು ಇಟ್ಟರೆ ಮನುಷ್ಯರ ಚರ್ಮ ಸಿಗದೆ ಹುಳು ಸಾಯುತ್ತದೆ. ಹುಳು ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತದೆ. ಮೊದಲೇ ಹೇಳದಿದ್ದರೆ ಮಕ್ಕಳು ದಿನಾ ಕ್ರೀಮು ಹಚ್ಚಿ ಚರ್ಮ ಕೆಡಿಸಿಕೊಳ್ಳುತ್ತಾರೆ. ಕೀವು ಕಟ್ಟಿದವರನ್ನು ವೈದ್ಯರಿಗೆ ತೋರಿಸಲೇಬೇಕು. ಅಂಥ ಮಗುವಿನ ಮುಖ ಊದಿ, ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೆಂದು ತಿಳಿದು ಅವತ್ತೇ ಆಸ್ಪತ್ರೆಗೆ.

ಸೋಮವಾರದ ಕಬ್ಬಿಣಾಂಶದ ನೀಲಿ ಮಾತ್ರೆ, ಅಂದರೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಮಧ್ಯಾಹ್ನದ ಊಟವಾದ ಮೇಲೆಯೇ. ಹಾಲು, ಚಹಾ ಹತ್ತಿರ ಇರಬಾರದು, ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದ ಒಬ್ಬಳು ವಾಂತಿ ಮಾಡಿದರೆ ನೋಡಿದ ಹತ್ತು ಜನರಿಗೆ ಹೊಟ್ಟೆ ತೊಳೆಸುತ್ತದೆ. ಆದ್ದರಿಂದ ಒಂದೊಂದೇ ತರಗತಿ, ಮೇಷ್ಟರೂ ಎದುರಿಗೆ ಒಂದು ನುಂಗಲಿ. ಅವತ್ತು ಜ್ವರ ಇರುವವರಿಗೆ ಬೇಡ. ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ಮಗುವಿಗೆ ವೈದ್ಯರು ಹೇಳದೆ ಕೊಡಲೇಬಾರದು.

ಆಸ್ತಮಾ, ಮೂರ್ಛೆ, ಸಕ್ಕರೆ ಕಾಯಿಲೆ ಇರುವ ಮಕ್ಕಳ ವಿಷಯ ನನ್ನೊಬ್ಬಳ ತಲೆಯಲ್ಲಿದ್ದರೆ ನನ್ನ ರಜೆಯ ದಿನ ಅವರಿಗೆ ಅಪಾಯ. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಸ್ಟಾಫ್ ರೂಮಿನ ಡ್ರಾಯರಿನಲ್ಲಿರುತ್ತದೆ, ಗೋಡೆಯ ಮೇಲಲ್ಲ. ಮೂರ್ಛೆಗೆ: ಗಡಿಯಾರ ನೋಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ 108. ಇನ್ಸುಲಿನ್ ತೆಗೆದುಕೊಳ್ಳುವ ಮಗು ಬೆವರಿ ನಡುಗಿದರೆ: ಎಚ್ಚರವಿದ್ದರೆ ಮೂರು ಟೀಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷೆ, 70 mg/dLಗಿಂತ ಕಡಿಮೆಯಿದ್ದರೆ ಮತ್ತೆ ಸಕ್ಕರೆ, ಆಮೇಲೆ ತಿಂಡಿ. ಇನ್‌ಹೇಲರ್ ಮಾತ್ರ ಸಿಕ್ ರೂಮಿನ ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಅದು ಮಗುವಿನ ಬ್ಯಾಗಿನಲ್ಲಿರಬೇಕು, ಔಷಧಿ ಸರಿಯಾಗಿ ಒಳಗೆಳೆಯಲು ಇನ್‌ಹೇಲರಿಗೆ ಜೋಡಿಸುವ ಕೊಳವೆ, ಸ್ಪೇಸರ್ ಸಮೇತ, ಆಟದ ಮೈದಾನಕ್ಕೆ ಹೋಗುವಾಗಲೂ.